ಸೌಂಡ್ ಕಾರ್ಡ್ ಕೊಳ್ಳುವ ಮುಂಚೆ ಪ್ಲಗ್ ನೋಡಿ

ಚಿಕ್ಕಮಗಳೂರಿನ ವಿಜಯಪುರದಲ್ಲಿ ನನಗೆ ಪರಿಚಯದ ಸಂಗೀತದ ಟೀಚರ್ ಒಬ್ಬರಿದ್ದಾರೆ. ಸಂಜೆ ಹೊತ್ತು ಕಂಪ್ಯೂಟರ್ ಮುಂದೆ ಕೂತು ಬೇರೆ ಬೇರೆ ಊರಿನ ಮಕ್ಕಳಿಗೆ ಪಾಠ ಹೇಳಿಕೊಡುತ್ತಾರೆ. ಒಂದು ದಿನ ಹುಡುಗಿಯೊಬ್ಬಳು, 'ಮಿಸ್, ಎರಡು ಶ್ರುತಿ ಕೇಳಿಸ್ತಿದೆ' ಎಂದಳಂತೆ. ಒಂದು ಶ್ರುತಿಪೆಟ್ಟಿಗೆಯದ್ದು. ಅದರ ಅಡಿಯಲ್ಲಿ ಗುಂಯ್ ಅನ್ನುವ ಇನ್ನೊಂದು. ಅಂಗಡಿಯವರು, 'ಆನ್‌ಬೋರ್ಡ್ ಆಡಿಯೊ ಅಂದ್ರೆ ಹಾಗೇ ಮೇಡಂ, ಸೌಂಡ್ ಕಾರ್ಡ್ ಹಾಕಿಸಿಬಿಡಿ' ಎಂದರು. ಆನ್‌ಬೋರ್ಡ್ ಆಡಿಯೊ ಅಂದರೆ ಕಂಪ್ಯೂಟರಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿನ ಮೇಲೇ ಇರುವ ಸದ್ದಿನ ಚಿಪ್, ಸೌಂಡ್ ಕಾರ್ಡ್ ಅಂದರೆ ಅದರ ಬದಲು ಬೇರೆಯಾಗಿ ಹಾಕಿಸುವಂಥದ್ದು. 4,000 ರೂಪಾಯಿ ಖರ್ಚಾಯಿತು. ಗುಂಯ್ ಸದ್ದು ಹೋಗಲಿಲ್ಲ.

ಹೀಗೆ ದುಡ್ಡು ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ನಿಮಗೆ ಹಾಗಾಗಬಾರದು. ಈ ಕ್ರಮದಲ್ಲಿ ನೋಡುತ್ತಾ ಹೋಗಿ.

ಹೆಜ್ಜೆ 1: ಸದ್ದು ಎಲ್ಲಿಂದ ಹೊರಗೆ ಬರುತ್ತಿದೆ ನೋಡಿ. ಯುಎಸ್‌ಬಿ ಹೆಡ್‌ಸೆಟ್, ಬ್ಲೂಟೂತ್ ಇಯರ್‌ಫೋನ್, ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿ, ಇವುಗಳಲ್ಲಿ ಯಾವುದನ್ನೇ ಬಳಸುತ್ತಿದ್ದರೂ ಸೌಂಡ್ ಕಾರ್ಡ್ ಹಾಕಿಸಿ ಪ್ರಯೋಜನವಿಲ್ಲ. ಡಿಜಿಟಲ್ ಸಿಗ್ನಲ್ಲನ್ನು ಸದ್ದಾಗಿಸುವ ಚಿಪ್ ಅವುಗಳೊಳಗೇ ಇರುತ್ತದೆ.

ಹೆಜ್ಜೆ 2: ಮುಂದಿನ ಜ್ಯಾಕ್ ಬಿಟ್ಟು ಹಿಂದಿನದಕ್ಕೆ ಹಾಕಿ. ಕ್ಯಾಬಿನೆಟ್ ಮುಂಭಾಗದ ತೂತಿನಿಂದ ಮದರ್‌ಬೋರ್ಡ್‌ವರೆಗೆ ಒಳಗೆ ಒಂದು ಸಣ್ಣ ವೈರು ಹೋಗುತ್ತದೆ. ಅದು ಗ್ರಾಫಿಕ್ಸ್ ಕಾರ್ಡ್, ಫ್ಯಾನ್ ಪಕ್ಕದಲ್ಲೇ ಹಾದುಹೋಗುವಾಗ ಅವುಗಳ ವಿದ್ಯುತ್ ಗಲಾಟೆಯನ್ನೆಲ್ಲ ಹೀರಿಕೊಳ್ಳುತ್ತದೆ. ಹಿಂದೆ ಹಸಿರು ಸ್ಪೀಕರ್‌ಗೆ, ಗುಲಾಬಿ ಮೈಕ್‌ಗೆ, ನೀಲಿ ಲೈನ್ ಇನ್‌ಗೆ. ಆಡಿಯೊ ಮಿಕ್ಸರ್‌ನಿಂದ (ಮೈಕ್, ವಾದ್ಯಗಳ ಸದ್ದು ಬೆರೆಸುವ ಪೆಟ್ಟಿಗೆ) ಬರುವ ವೈರನ್ನು ಗುಲಾಬಿಗೆ ಚುಚ್ಚಿ, ಕರಕರ ಸದ್ದು ಬಂತು ಅನ್ನುವವರು ಜಾಸ್ತಿ. ಅದು ನೀಲಿಗೆ ಹೋಗಬೇಕು.

ಹೆಜ್ಜೆ 3: ಸದ್ದಿನ ಜಾತಿ ಗುರುತಿಸಿ. ಎಲ್ಲರೂ ಎಡವುವುದು ಇಲ್ಲೇ. ಇದಕ್ಕೆ ಅರ್ಧ ಗಂಟೆ ಕೊಡಿ. ಕೋಣೆಯ ಫ್ಯಾನ್ ನಿಲ್ಲಿಸಿ, ಹೆಡ್‌ಫೋನ್ ಹಾಕಿಕೊಂಡು, ಏನೂ ಪ್ಲೇ ಮಾಡದೆ ಸುಮ್ನೆ ಕೇಳಿ.

ಒಂದೇ ಸಮನೆ ಗುಂಯ್ ಅಂದರೆ ಅದು ಕರೆಂಟಿನ ಸದ್ದು. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಜ್. ಗುಂಯ್ ಅನ್ನುವುದು ಆ 50, ಅದರ ದುಪ್ಪಟ್ಟು 100. ಎರಡು ಉಪಕರಣ ಬೇರೆ ಬೇರೆ ಪಾಯಿಂಟಿನಲ್ಲಿ ಅರ್ತ್ ಆಗಿದ್ದು, ಅವನ್ನು ಆಡಿಯೊ ವೈರು ಜೋಡಿಸಿದರೆ ಒಂದು ಸುತ್ತು ಪೂರ್ತಿಯಾಗುತ್ತದೆ. ಆ ಸುತ್ತಿನಲ್ಲಿ ಹರಿಯುವ ಸಣ್ಣ ಕರೆಂಟೇ ಕಿವಿಗೆ ಕೇಳುವುದು. ಗ್ರೌಂಡ್ ಲೂಪ್ ಎನ್ನುತ್ತಾರೆ. ಟೀಚರ್ ಮನೆಯಲ್ಲಿ ಆಗಿದ್ದೂ ಇದೇ. ಕಂಪ್ಯೂಟರ್ ಹಾಲ್‌ನ ಯುಪಿಎಸ್ ಪಾಯಿಂಟಿನಲ್ಲಿತ್ತು. ಮೈಕ್ ಮತ್ತು ಶ್ರುತಿಪೆಟ್ಟಿಗೆ ಸಿಕ್ಕಿಸಿದ್ದ ಮಿಕ್ಸರ್‌ಗೆ ಅಡುಗೆಮನೆ ಗೋಡೆಯಿಂದ ಉದ್ದನೆಯ ಎಕ್ಸ್‌ಟೆನ್ಷನ್ ಎಳೆದಿದ್ದರು. ಹೊಸ ಕಾರ್ಡ್ ಕೂತಿದ್ದೂ ಅದೇ ಕಂಪ್ಯೂಟರಿನೊಳಗೆ, ಅದೇ ಅರ್ತ್ ಮೇಲೆ. ಸದ್ದು ಹೇಗೆ ಹೋದೀತು? ಮಿಕ್ಸರ್ ಪ್ಲಗ್ ಕಿತ್ತು ಕಂಪ್ಯೂಟರ್ ಇದ್ದ ಬೋರ್ಡಿಗೇ ಹಾಕಿದೆವು. ಟೀಚರ್ ಹೆಡ್‌ಫೋನ್ ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಸಾ ಹಿಡಿದರು. ಅಡಿಯಲ್ಲಿ ಬೇರೇನೂ ಇರಲಿಲ್ಲ.

ನಿಮ್ಮ ಮನೆಯಲ್ಲಿ ಪರೀಕ್ಷೆ ಹೀಗೆ ಮಾಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಗುಂಯ್ ನಿಂತರೆ ತಪ್ಪು ಕರೆಂಟಿನ ಕಡೆಯದು. ಡೆಸ್ಕ್‌ಟಾಪ್ ಆದರೆ ಸ್ಪೀಕರ್ ವೈರನ್ನು ಕಂಪ್ಯೂಟರ್‌ನಿಂದ ಕಿತ್ತು ಮೊಬೈಲ್‌ಗೆ ಹಾಕಿ, ಮೊಬೈಲ್ ಚಾರ್ಜಿಗಿರಬಾರದು. ಆಗಲೂ ಗುಂಯ್ ಬಂದರೆ ಸ್ಪೀಕರೇ ಕೆಟ್ಟಿದೆ. ಕೇಬಲ್ ಟಿವಿ ವೈರು, ಲ್ಯಾನ್ ವೈರು ಒಂದೊಂದೇ ಬಿಚ್ಚಿ ನೋಡಿ. ಆಮೇಲೆ ಎಲ್ಲವನ್ನೂ ಒಂದೇ ಬೋರ್ಡಿಗೆ ತನ್ನಿ. ಆಗಲೂ ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಪುಟ್ಟ ಡಬ್ಬಿ ಸಿಗುತ್ತದೆ, ಆಡಿಯೊ ವೈರಿನ ಮಧ್ಯೆ ಹಾಕುವಂಥದ್ದು. ಕೆಲವು ನೂರು ರೂಪಾಯಿ ಅಷ್ಟೆ. ನಮ್ಮ ಕಡೆ ಹಳೇ ಮನೆ, ತೋಟದ ಮನೆಗಳಲ್ಲಿ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿರುತ್ತದೆ. ಗುಂಡಿಗೆ ನೀರು ಬಿಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಅಳೆಸಿ.

ಗುಂಯ್ ಸದ್ದು ನಿಲ್ಲಲಿ ಅಂತ ಪ್ಲಗ್‌ನ ಮೂರನೇ ಪಿನ್ ಮುರಿಯುವವರಿದ್ದಾರೆ, ಅದಕ್ಕೆ ಟೇಪ್ ಸುತ್ತುವವರೂ ಇದ್ದಾರೆ. ಸದ್ದು ನಿಲ್ಲುತ್ತದೆ ನಿಜ. ಆದರೆ ಒಳಗೆ ಕರೆಂಟಿನ ಲೈನ್ ವೈರು ಲೋಹದ ಮೈಗೆ ತಾಗಿದ ದಿನ ಕಬ್ಬಿಣದ ಕ್ಯಾಬಿನೆಟ್ ಮುಟ್ಟಿದವರ ಪ್ರಾಣವೇ ಹೋಗಬಹುದು. ಮಕ್ಕಳಿರುವ ಮನೆ ಅಲ್ವಾ? ದಯವಿಟ್ಟು ಹಾಗೆ ಮಾಡಬೇಡಿ.

ಎರಡನೇ ಜಾತಿ ಸುಯ್ ಅನ್ನುವ ಸದ್ದು. ಇದು ಹೆಚ್ಚಾಗಿ ಮೈಕ್ ಬೂಸ್ಟ್, ಅಂದರೆ ಮೈಕಿನ ದನಿ ಏರಿಸುವ ಸೆಟ್ಟಿಂಗ್. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೌಂಡ್, ರೆಕಾರ್ಡಿಂಗ್, ಮೈಕ್ ಪ್ರಾಪರ್ಟೀಸ್, ಲೆವೆಲ್ಸ್ ತೆರೆಯಿರಿ. ಬೂಸ್ಟ್ 30 ಡೆಸಿಬೆಲ್‌ನಲ್ಲಿದ್ದರೆ 10ಕ್ಕೆ ಇಳಿಸಿ. ದನಿ ಸಣ್ಣದಾಯಿತು ಅನ್ನಿಸಿದರೆ ಮೈಕನ್ನು ಬಾಯಿಯ ಹತ್ತಿರ ತನ್ನಿ, ಬೂಸ್ಟ್ ಮುಟ್ಟಬೇಡಿ.

ಮೂರನೇದು ಮೌಸ್ ಆಡಿಸಿದಾಗ, ಪೇಜ್ ಉರುಳಿಸಿದಾಗ ಚಿರ್ ಚಿರ್ ಅನ್ನುವುದು. ಹಿಂದಿನ ಜ್ಯಾಕ್‌ನಲ್ಲೂ, ಪ್ಲಗ್ ಎಲ್ಲ ಸರಿಮಾಡಿದ ಮೇಲೂ ಇದು ಕೇಳಿಸಿದರೆ, ಹೌದು, ಆನ್‌ಬೋರ್ಡ್ ಆಡಿಯೊ ಬಿಡುವ ಕಾಲ ಬಂತು.

ಹೆಜ್ಜೆ 4: ಮದರ್‌ಬೋರ್ಡ್ ಕಂಪನಿಯ ವೆಬ್‌ಸೈಟಿನಿಂದಲೇ ಆಡಿಯೊ ಡ್ರೈವರ್ (ಸದ್ದಿನ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಹಾಕಿ.

ಹೆಜ್ಜೆ 5: ಈಗ ತೀರ್ಮಾನ ಮಾಡಿ. 1989ರಲ್ಲಿ ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡ್ ಬಂದ ಕಾಲಕ್ಕೆ ಕಾರ್ಡ್ ಇಲ್ಲದ ಸಾಮಾನ್ಯ ಪಿಸಿ ಬೀಪ್ ಅನ್ನುವುದಕ್ಕಿಂತ ಹೆಚ್ಚೇನೂ ಮಾಡುತ್ತಿರಲಿಲ್ಲ. 1997ರಲ್ಲಿ ಇಂಟೆಲ್ ಎಸಿ 97 ಎಂಬ ಆಡಿಯೊ ಮಾನದಂಡ ತಂದ ಮೇಲೆ ಆಡಿಯೊ ಮದರ್‌ಬೋರ್ಡಿಗೇ ಬಂತು. ಆಗಿನ ಬೋರ್ಡುಗಳಲ್ಲಿ ಗಲಾಟೆ ಇತ್ತು, ಆ ಕೆಟ್ಟ ಹೆಸರು ಇವತ್ತಿಗೂ ಉಳಿದಿದೆ. 2004ರಲ್ಲಿ ಅದರ ಜಾಗಕ್ಕೆ ಎಚ್‌ಡಿ ಆಡಿಯೊ ಬಂದ ಮೇಲೆ ಪರಿಸ್ಥಿತಿ ಬೇರೆ. ರಿಯಲ್‌ಟೆಕ್‌ನ ಎಎಲ್‌ಸಿ 1220 ಚಿಪ್ಪಿಗೆ ಕಂಪನಿ ಹೇಳುವ ಲೆಕ್ಕ, ಅಂದರೆ ಹಾಡಿಗೂ ಹಿನ್ನೆಲೆ ಗಲಾಟೆಗೂ ಇರುವ ಅಂತರ, 120 ಡೆಸಿಬೆಲ್. ಅದು ಹೆಚ್ಚಿದ್ದಷ್ಟೂ ಒಳ್ಳೆಯದು. ಸಿಡಿಗೆ ಬೇಕಾದದ್ದು 96. ಬೋರ್ಡಿನ ಮೇಲೆ ಕೂತಾಗ ಅಷ್ಟೂ ಸಿಗುವುದಿಲ್ಲ, ಆದರೂ ಸಿನಿಮಾ, ಯೂಟ್ಯೂಬ್, ಆನ್‌ಲೈನ್ ಕ್ಲಾಸಿಗೆ ಧಾರಾಳ ಸಾಕು.

ಹಾಡು ರೆಕಾರ್ಡ್ ಮಾಡುವವರು, ಯಕ್ಷಗಾನದ ಪದ ಹಿಡಿದಿಡುವವರು ಕ್ಯಾಬಿನೆಟ್ ಒಳಗಿನ ಕಾರ್ಡ್ ಬಿಟ್ಟು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕ್, ವಾದ್ಯವನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ ಹೊರಗಿನ ಪೆಟ್ಟಿಗೆ) ತೆಗೆದುಕೊಳ್ಳಿ. ಈ ವಿಷಯದಲ್ಲಿ ನಾನು ಎರಡು ಮಾತಾಡುವುದಿಲ್ಲ. ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ಹೆಚ್ಚಿನವುಗಳಲ್ಲಿ ಇರುತ್ತದೆ. ಡೈರೆಕ್ಟ್ ಮಾನಿಟರ್ ಬಟನ್ ಇರುವುದನ್ನೇ ಕೇಳಿ, ನಿಮ್ಮ ದನಿ ನಿಮಗೇ ತಡವಾಗಿ ಕೇಳಿಸುವ ಕಾಟ ತಪ್ಪುತ್ತದೆ. ನಾಳೆ ಲ್ಯಾಪ್‌ಟಾಪ್ ಕೊಂಡರೆ ಅದಕ್ಕೂ ಆಗುತ್ತದೆ. 250, 300 ಓಮ್‌ನಷ್ಟು ಹೆಚ್ಚು ಇಂಪೀಡೆನ್ಸ್ (ವಿದ್ಯುತ್ ತಡೆ) ಇರುವ ಹೆಡ್‌ಫೋನ್ ಇಟ್ಟುಕೊಂಡವರಿಗೂ ಆನ್‌ಬೋರ್ಡ್ ಜ್ಯಾಕ್‌ನಿಂದ ದನಿ ಸಾಲದೆ ಹೋಗಬಹುದು. ಅವರಿಗೆ ಹೆಡ್‌ಫೋನ್ ಆಂಪ್ಲಿಫೈಯರ್ ಇರುವ ಡ್ಯಾಕ್ (ಡಿಜಿಟಲ್ ಸಿಗ್ನಲ್ಲನ್ನು ಸದ್ದಾಗಿಸುವ ಪುಟ್ಟ ಪೆಟ್ಟಿಗೆ) ಸಾಕು.

ಆನ್‌ಲೈನ್‌ನಲ್ಲಿ 7.1 ಚಾನೆಲ್ ಎಂದು ಬರೆದ ಬೆರಳುದ್ದದ ಯುಎಸ್‌ಬಿ ಕಾರ್ಡ್ ಸಿಗುತ್ತದೆ. ಸ್ಪೀಕರ್‌ಗೆ ಇರುವುದು ಒಂದೇ ತೂತು, ಎಂಟು ಸ್ಪೀಕರ್ ಎಲ್ಲಿಗೆ ಹಾಕುತ್ತೀರಿ? ಜ್ಯಾಕ್ ಮುರಿದ ಲ್ಯಾಪ್‌ಟಾಪಿಗೆ ಬದಲಿಯಾಗಿ ಸರಿ, ಅದಕ್ಕಿಂತ ಹೆಚ್ಚಿನದಕ್ಕೆ ಕೊಳ್ಳಬೇಡಿ.

ಡೆಸ್ಕ್‌ಟಾಪ್‌ನ ಆನ್‌ಬೋರ್ಡ್ ಜ್ಯಾಕ್ ಸುಟ್ಟಿದ್ದರೆ, ಅಥವಾ ಗೇಮ್‌ಗಾಗಿ 5.1 ಸ್ಪೀಕರ್ ಇದ್ದು ಬೋರ್ಡಿನಲ್ಲಿ ಅಷ್ಟು ಜ್ಯಾಕ್ ಇಲ್ಲದಿದ್ದರೆ ಒಳಗಿನ ಕಾರ್ಡ್ ಹಾಕಿಸಬಹುದು. ಮದರ್‌ಬೋರ್ಡಿನಲ್ಲಿ ಕಾರ್ಡ್ ಸಿಕ್ಕಿಸುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿ ಇದೆಯಾ ನೋಡಿ. ಗ್ರಾಫಿಕ್ಸ್ ಕಾರ್ಡ್‌ನಿಂದ ದೂರದ ಸ್ಲಾಟಿಗೆ ಹಾಕಿ, ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ಆನ್‌ಬೋರ್ಡ್ ಆಡಿಯೊ ಆಫ್ ಮಾಡಿ.

ಹೆಜ್ಜೆ 6: ಏನೇ ಕೊಂಡರೂ ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ ರಾತ್ರಿ ಊರು ಮಲಗಿದ ಮೇಲೆ ಹತ್ತು ಸೆಕೆಂಡ್ ಮೌನವನ್ನೇ ರೆಕಾರ್ಡ್ ಮಾಡಿ. ಹಳೇ ಜ್ಯಾಕ್‌ನಲ್ಲೂ ಮಾಡಿ, ಹೊಸದರಲ್ಲೂ ಮಾಡಿ. ಎರಡನ್ನೂ ಒಂದೇ ಹೆಡ್‌ಫೋನ್‌ನಲ್ಲಿ, ಒಂದೇ ವಾಲ್ಯೂಮ್‌ನಲ್ಲಿ ಕೇಳಿ. ವ್ಯತ್ಯಾಸ ಗೊತ್ತಾಗದಿದ್ದರೆ ಬೆಳಗ್ಗೆ ಬಿಲ್ ಸಮೇತ ಅಂಗಡಿಗೆ ಹೋಗಿ.