ಕ್ರ್ಯಾಂಕ್ ಇಳಿಸದೇನೇ ಟಾಟಾ 407 ಬಿಗ್ ಎಂಡ್ ಕೆಲಸ, ನನ್ನ ಅನುಭವ

ಮೊನ್ನೆ ಮಂಗಳೂರಿಗೆ ತೆಂಗಿನಕಾಯಿ ಇಳಿಸಿ ವಾಪಸ್ ಬಂದೆ, ಶಿರಾಡಿ ಏರುವಾಗ ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಮೂರರಿಂದ ಕೆಳಗೆ ಬರ್ಲಿಲ್ಲ, ಅದಕ್ಕೇ ಈಗ ಧೈರ್ಯವಾಗಿ ಬರೀತಿದ್ದೀನಿ. ಬಿಗ್ ಎಂಡ್ ಅಂದ್ರೆ ಪಿಸ್ಟನ್ ರಾಡು ಕ್ರ್ಯಾಂಕ್ (ಇಂಜನ್ ಒಳಗೆ ತಿರುಗೋ ದಂಡ) ಮೇಲೆ ಕೂರೋ ಜಾಗ, ಮಧ್ಯೆ ಬೇರಿಂಗ್ ಇರುತ್ತೆ. ಹೋದ ವರ್ಷ "ಗಾಡಿ ಕೆಳಗೆ ಮಲ್ಕೊಂಡು ಬೇರಿಂಗ್ ಹಾಕಿದ್ರೆ ಅರಸೀಕೆರೆ ದಾಟಲ್ಲ ಕಣಯ್ಯ" ಅಂತ ನಕ್ಕೋರು ಸ್ಟ್ಯಾಂಡಲ್ಲಿ ಕಮ್ಮಿ ಜನ ಇರ್ಲಿಲ್ಲ, ನಮ್ ಬಾವನೂ ಅದ್ರಲ್ಲಿ ಒಬ್ರು.

ಗಾಡಿ 1998ರ ಟಾಟಾ 407, 497 ಇಂಜನ್. ಚೇಂಬರ್ (ಇಂಜನ್ ಕೆಳಗಿನ ಆಯಿಲ್ ತೊಟ್ಟಿ) ಹತ್ರ ಆಯಿಲ್ ಜಿನುಗ್ತಿತ್ತು, ಹೆಡ್ ಗ್ಯಾಸ್ಕೆಟ್ಟೂ ಹೋಗಿತ್ತು. ತಿಪಟೂರಲ್ಲಿ ಸೀಸನ್ ಶುರುವಾಗೋ ಟೈಮು, ನನಗೆ ಪುರುಸೊತ್ತಿಲ್ಲ ಅಂತ ಒಂದು ಗ್ಯಾರೇಜಿಗೆ ಬಿಟ್ಟೆ. ನಾಕು ದಿನ, 18 ಸಾವಿರ ಬಿಲ್ಲು. ಲೀಕೇನೋ ನಿಂತೋಯ್ತು. ಹದಿನೈದು ದಿನಕ್ಕೆ ಬಿಸಿಯಾದ್ಮೇಲೆ ಸ್ಲೋನಲ್ಲಿ (ಆಕ್ಸಿಲೇಟರ್ ಒತ್ತದೇ ಇದ್ದಾಗ) ಮುಳ್ಳು ಸೊನ್ನೆಗೆ ಬಂದು ಕೂರೋಕೆ ಶುರು, ಆಮೇಲೆ ಟಕ ಟಕ ಸೌಂಡು. ವಾಪಸ್ ತಗೊಂಡೋದ್ರೆ "ಹಳೆ ಗಾಡಿ ಅಲ್ವಾ ಅಣ್ಣ, ಒಂದು ಮಾಡಿದ್ರೆ ಇನ್ನೊಂದು ಬರುತ್ತೆ, ಫುಲ್ ಇಂಜನ್ ಮಾಡ್ಸಿಬಿಡಿ, 95 ಸಾವಿರ ಆಗುತ್ತೆ" ಅಂದ. ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಇಂಜನ್ ವಿಚಾರಿಸಿದ್ರೆ 70-75 ಸಾವಿರ, ಅದ್ರ ಹೊಟ್ಟೇಲಿ ಏನಿದ್ಯೋ ಯಾರಿಗೊತ್ತು.

ಮನೆ ಮುಂದೆ ನಿಲ್ಲಿಸ್ಕೊಂಡು ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ಟು ಲೂಸ್ ಮಾಡಿ, ಆ ಸಿಲಿಂಡರಿಗೆ ಡೀಸೆಲ್ ತಪ್ಪಿಸಿ, ಸೌಂಡ್ ಕೇಳ್ದೆ. ಮೂರನೇದು ಲೂಸ್ ಮಾಡಿದ ತಕ್ಷಣ ಸೌಂಡು ಅರ್ಧ ಇಳೀತು. ಸರಿ, ಮೂರನೇ ಬಿಗ್ ಎಂಡು. ಮೌಂಟಿಂಗ್ ಬಿಚ್ಚಿ ಜಾಕಲ್ಲಿ ಇಂಜನ್ ಎರಡಿಂಚು ಎತ್ತಿ ಚೇಂಬರ್ ಇಳಿಸಿದ್ರೆ, ಅಯ್ಯೋ ಶಿವನೇ, ಆಯಿಲ್ ಎಳೆಯೋ ಸ್ಟ್ರೈನರ್ ಜಾಲರಿ ಮುಕ್ಕಾಲು ಭಾಗ, ಲೀಕ್ ನಿಲ್ಸೋಕೆ ಹಚ್ಚೋ ಕೆಂಪು ಪೇಸ್ಟಿನಲ್ಲಿ ಮುಚ್ಚೋಗಿದೆ. ಉಗುರಲ್ಲಿ ಕೆರೆದ್ರೆ ರಬ್ಬರ್ ಥರ ಎಳೆ ಎಳೆಯಾಗಿ ಎದ್ದು ಬರ್ತಿತ್ತು. ಚೇಂಬರ್ ಅಂಚಲ್ಲಿ ಒಳಗಡೆಗೂ ಅದೇ ಪೇಸ್ಟು ಚಕ್ಕುಲಿ ಒತ್ತಿದಂಗೆ ಸಾಲಾಗಿ ನಿಂತಿತ್ತು, ಗ್ಯಾಸ್ಕೆಟ್ಟಿಗೆ ತೆಳ್ಳಗೆ ಸವರೋದು ಬಿಟ್ಟು ಟ್ಯೂಬ್ ಪೂರ್ತಿ ಹಿಂಡಿದಾನೆ ಪುಣ್ಯಾತ್ಮ. ಮೂರನೇ ಬೇರಿಂಗಲ್ಲಿ ಬಿಳಿ ಪೂರ್ತಿ ಹೋಗಿ ತಾಮ್ರ ಕಾಣ್ತಿತ್ತು, ಎರಡನೇದು ಗೀರು ಬಿದ್ದಿತ್ತು, ಒಂದು ನಾಕು ಪರವಾಗಿಲ್ಲ.

ಲೇತ್ ಅಣ್ಣನ ಹತ್ರ ಮೈಕ್ರೋಮೀಟರ್ ಇಸ್ಕೊಂಡು ಬಂದು ಜರ್ನಲ್ (ಕ್ರ್ಯಾಂಕಲ್ಲಿ ಬೇರಿಂಗ್ ಕೂರೋ ಭಾಗ) ಅಡ್ಡ ಉದ್ದ ಅಳೆದೆ, ವ್ಯತ್ಯಾಸ ಒಂದೂವರೆ ತೌ ಇರ್ಬೇಕು ಅಷ್ಟೆ, ತೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ. ಜರ್ನಲ್ ಹತ್ತು ತೌ ಗ್ರೈಂಡ್ ಮಾಡ್ಸಿ ಅದಕ್ಕೆ ತಕ್ಕ ದಪ್ಪ ಬೇರಿಂಗ್ (ಹತ್ತು ಸೈಜ್) ಹಾಕು ಅಂದ್ರು ಅವ್ರೂನೂ. ಕ್ರ್ಯಾಂಕ್ ಇಳಿಸ್ಬೇಕಂದ್ರೆ ಇಂಜನ್ನೇ ಇಳಿಸ್ಬೇಕು, ಅಲ್ಲಿಗೆ ಖರ್ಚು 40 ಸಾವಿರ. ನಾನು ಪಿಸ್ಟನ್ ಮೇಲಕ್ಕೆ ತಳ್ಳಿ, ರಾಡ್ ಬೋಲ್ಟಿಗೆ ಡೀಸೆಲ್ ಪೈಪಿನ ತುಂಡು ತೊಡಿಸಿ, ಆಯಿಲಲ್ಲಿ ನೆನೆಸಿದ ಎಮರಿ ಬಟ್ಟೆ ಪಟ್ಟಿ ಜರ್ನಲ್‌ಗೆ ಸುತ್ತಿ, ಅದ್ರ ಮೇಲೆ ನೂಲಿನ ಹಗ್ಗ ಎರಡು ಸುತ್ತು ಹಾಕಿ ಮೊಸರು ಕಡಿಯೋ ಥರ ಎಳೆದಿದ್ದು. ಎಮರಿ ಮೊದಲು 400 ನಂಬರ್, ಆಮೇಲೆ ಇನ್ನೂ ನಯದ 600, 1000. ಕೊನೇ ಹೊಳಪಿಗೆ ಏನು ಹಾಕ್ದೆ, ಎಷ್ಟೆಳೆದ ಮೇಲೆ ಜಾಗ ಬದಲಾಯಿಸ್ತೀನಿ ಅನ್ನೋದು ಹೇಳಲ್ಲ, ಕೈಗೆ ಬರೋಕೆ ನನಗೆ ಎರಡು ಸ್ಕ್ರ್ಯಾಪ್ ಕ್ರ್ಯಾಂಕ್ ಹಾಳಾಗಿದೆ.

ಸ್ಟ್ಯಾಂಡರ್ಡ್ ಬೇರಿಂಗೇ ಹಾಕ್ದೆ. ಫಸ್ಟ್ ಕ್ಲಾಸ್ ಓಡ್ತು, ಎಷ್ಟು, ಆರ್ನೂರು ಕಿಲೋಮೀಟ್ರು! ಸಕಲೇಶಪುರದ ದೋಣಿಗಲ್ ಹತ್ರ ಮತ್ತೆ ಅದೇ ಟಕ ಟಕ. ಲೋಡ್ ಬೇರೆ ಗಾಡಿಗೆ ಬದಲಾಯ್ಸೋಕೆ ಐದೂವರೆ, ಎಳೆಸ್ಕೊಂಡು ಬರೋಕೆ ನಾಕು ಸಾವಿರ, ಪಾರ್ಟಿ ಹತ್ರ ಬೈಗುಳ ಫ್ರೀ. ನಮ್ಮನೇವ್ಳು "ರೀ, ಗುಜರಿಗೆ ಹಾಕ್ಬಿಡ್ರಿ ಆ ದರಿದ್ರಾನ" ಅಂದ್ಲು, ನನಗೂ ಹೌದು ಅನ್ಸಿತ್ತು.

ತಪ್ಪು ನಂದೇ. ಫಿಲ್ಟರ್ ಬಿಚ್ಚಿ ಹ್ಯಾಕ್ಸಾದಲ್ಲಿ ಕೊಯ್ದು ನೋಡಿದ್ಮೇಲೆ ತಿಳೀತು. ಮೊದಲನೇ ಸಲ ದುಡ್ಡು ಉಳಿಸೋಕೆ ಗ್ಯಾರೇಜಿನೋರು ಹಾಕಿದ್ದ ಫಿಲ್ಟರೇ ಬಿಟ್ಟಿದ್ದೆ, ಅದು ಕಟ್ಟಿಕೊಂಡು ಬೈಪಾಸ್ ವಾಲ್ವ್ (ಫಿಲ್ಟರ್ ಕಟ್ಟಿದ್ರೆ ಆಯಿಲ್ ಬಿಡೋ ಅಡ್ಡದಾರಿ) ತೆರೆದು ಸೋಸದೇ ಇರೋ ಆಯಿಲು ಪೇಸ್ಟ್ ಪುಡಿ ಸಮೇತ ನೇರ ಒಳಗೆ ಹೋಗಿದೆ. ಕ್ರ್ಯಾಂಕಿನ ಆಯಿಲ್ ತೂತಿಗೆ ಸೈಕಲ್ ಕಡ್ಡಿ ಬಿಟ್ರೆ ಮೂರನೇದ್ರಲ್ಲಿ ಜೋಳದ ಕಾಳಿನಷ್ಟು ಕೆಂಪು ಗಂಟು ಬಂತು. ಎಲ್ಲಾ ತೂತಿಗೂ ಡೀಸೆಲ್ ಹೊಡೆದು, ಕಂಪ್ರೆಸರ್ ಗಾಳಿ ಬಿಟ್ಟು, ಮತ್ತೆ ಹಗ್ಗ ಎಳೆದು, ಹೊಸ ಬೇರಿಂಗು, ಹೊಸ ರಾಡ್ ಬೋಲ್ಟು, ಹೊಸ ಫಿಲ್ಟರ್. ಇಂಜನ್ ಸ್ಟಾರ್ಟ್ ಆಗದಂಗೆ ಸ್ಟಾಪ್ ವೈರ್ ಎಳೆದಿಟ್ಟು ಮುಳ್ಳು ಏಳೋವರೆಗೂ ಬರೀ ಸೆಲ್ಫ್ ಹೊಡೆದು ಆಮೇಲೆ ಸ್ಟಾರ್ಟ್ ಮಾಡಿದ್ದು. ಎರಡು ಸಲದ್ದೂ ಸೇರಿ ಸಾಮಾನು, ಆಯಿಲು ಎಲ್ಲಾ 11 ಸಾವಿರ ಆಗಿರ್ಬಹುದು, ದೋಣಿಗಲ್ ದಂಡ ಬಿಟ್ಟು.

ಮಧ್ಯೆ ಒಂದೆರಡು ಹುಚ್ಚಾಟನೂ ಆಡ್ದೆ. ಬೇರಿಂಗ್ ಪುಡಿ ಹಿಡೀಲಿ ಅಂತ ಸ್ಪೀಕರ್ ಮ್ಯಾಗ್ನೆಟ್ ಚೇಂಬರ್ ಕೆಳಗೆ ಅಂಟಿಸಿದ್ದೆ, ಏನೂ ಹಿಡೀಲಿಲ್ಲ, ಬೇರಿಂಗ್ ಮೇಲ್ಪದರ ಮ್ಯಾಗ್ನೆಟ್ಟಿಗೆ ಎಲ್ಲಿ ಅಂಟುತ್ತೆ ಅಂತ ಆಮೇಲೆ ತಲೆಗೆ ಹೋಯ್ತು. ಫಿಟ್ ಮಾಡುವಾಗ ಸವರೋಕೆ ನಮ್ಮೂರ ಕೊಬ್ಬರಿ ಎಣ್ಣೆ ಹೆಂಗೆ ಅಂತ ಹಳೇ ಬೇರಿಂಗಿಗೆ ಹಚ್ಚಿ ರಾತ್ರಿ ಇಟ್ಟೆ, ಡಿಸೆಂಬರ್ ಚಳಿ, ಬೆಳಿಗ್ಗೆ ತುಪ್ಪದ ಥರ ಗಟ್ಟಿಯಾಗಿ ಕೂತಿತ್ತು. ಇಂಜನ್ ಆಯಿಲೇ ಸವರ್ದೆ.

ಅವತ್ತಿಂದ 30-35 ಸಾವಿರ ಕಿಲೋಮೀಟ್ರು ಆಗಿರ್ಬೇಕು, ಮೀಟರ್ ಕೆಟ್ಟಿದೆ, ಟ್ರಿಪ್ ಲೆಕ್ಕದ ಮೇಲೆ ಹೇಳ್ತಿದ್ದೀನಿ. ಬಿಸೀಲೂ ಸ್ಲೋನಲ್ಲಿ ಒಂದರ ಮೇಲೇ ನಿಲ್ಲುತ್ತೆ. ಆ ಕೆಂಪು ಗಂಟು ಬೆಂಕಿಪೊಟ್ಟಣದಲ್ಲಿ ಹಾಕಿ ಗ್ಯಾರೇಜಿನೋನಿಗೆ ತೋರಿಸ್ದೆ, "ನಮ್ ಹುಡ್ಗ ಹೊಸಬ ಅಣ್ಣ" ಅಂದು ಟೀ ಕುಡಿಸ್ದ, ಒಂದ್ರೂಪಾಯಿ ವಾಪಸ್ ಕೊಡ್ಲಿಲ್ಲ. ಬಾವ ಈಗ ಅವ್ರ ಗಾಡಿ ಚೇಂಬರ್ ಬಿಚ್ಚು ಬಾ ಅಂತಿದಾರೆ. ಕ್ರ್ಯಾಂಕನ್ನೇ ಹೊತ್ತಿರೋ ಮೇನ್ ಬೇರಿಂಗ್ ಮಾತ್ರ ನಾನಿನ್ನೂ ಮುಟ್ಟಿಲ್ಲ, ದೀಪಾವಳಿ ಲೋಡ್ ಮುಗಿದ್ಮೇಲೆ ಇನ್ನೊಂದ್ಸಲ ಚೇಂಬರ್ ಇಳಿಸಿ ನೋಡ್ಬೇಕು, ಲೇತ್ ಅಣ್ಣನ ಮೈಕ್ರೋಮೀಟರ್ ಅದಕ್ಕೇ ಇನ್ನೂ ವಾಪಸ್ ಕೊಟ್ಟಿಲ್ಲ.