ಪಾಚಿಗೆ ಪಾಚಿಯೇ ಮದ್ದು: ಹೊಸ ಮೆರೈನ್ ಟ್ಯಾಂಕಿಗೆ ಮನೆಯಲ್ಲೇ ಮಾಡಿದ ಸ್ಕ್ರಬ್ಬರ್

ಜಾಲರಿಯ ಮೇಲೆ ಬೇಕೆಂದೇ ಪಾಚಿ ಬೆಳೆಸಿ, ನೀರಿನ ಗೊಬ್ಬರದಂಶವನ್ನು ಅದರಿಂದಲೇ ಹೀರಿಸುವ ಟರ್ಫ್ ಸ್ಕ್ರಬ್ಬರ್ ಅಂದರೆ ಮೂಗು ಮುರಿಯುತ್ತಿದ್ದವರೇ ಈಗ ಅಳತೆ ಕೇಳುತ್ತಿದ್ದಾರೆ, ಅದಕ್ಕೇ ಬರೆದೆ. ಲೆಕ್ಕವೆಲ್ಲ ಬೆಂಗಳೂರಿನ ನನ್ನ ಸುಮಾರು 200 ಲೀಟರ್ ಉಪ್ಪುನೀರಿನ ಟ್ಯಾಂಕಿನದು: ಒಣ ಕಲ್ಲು, ಐದಾರು ಮೀನು.

ಮೊದಲ ವಾರಗಳ ಕಂದು ಪುಡಿ ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ, ನೀರಿನ ಸಿಲಿಕೇಟ್ ಬಳಸಿ ಬೆಳೆಯುತ್ತದೆ. ಸಿಲಿಕೇಟ್ ಮುಗಿದಾಗ ಅದೂ ಮುಗಿಯುತ್ತದೆ. ಮತ್ತೆ ಮತ್ತೆ ಬಂದರೆ ಆರ್‌ಓ ನೋಡಿ. ಅಡುಗೆಮನೆಯ ಎಷ್ಟೋ ಆರ್‌ಓಗಳಲ್ಲಿ ಟಿಡಿಎಸ್ (ಕರಗಿದ ಲವಣ) ಅಡ್ಜಸ್ಟರ್ ಮೂಲಕ ಮೆಂಬ್ರೇನ್ ದಾಟದ ನೀರೂ ಬೆರೆಯುತ್ತದೆ. ಮೆಂಬ್ರೇನ್‌ನಿಂದ ನೇರ ಲೈನ್ ಎಳೆದು, ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಹಾಕಬೇಕು. ರೆಸಿನ್ ಮುಗಿಯುತ್ತ ಬಂದಾಗ ಮೊದಲು ನುಸುಳುವುದೇ ಸಿಲಿಕೇಟ್, ಟಿಡಿಎಸ್ ಮೀಟರ್ ಇನ್ನೂ 0 ತೋರಿಸುತ್ತಿರುವಾಗಲೇ. ಬೋರ್‌ವೆಲ್ ನೀರಿನವರು ರೆಸಿನ್ ಬೇಗ ಬದಲಿಸಿ.

ನಿಜವಾದ ಕಾಟ ಕೂದಲು ಪಾಚಿಯದು. ಕಲ್ಲಿನ ಮೇಲೆ ಹಸಿರು ಹೊದಿಕೆ ಎದ್ದಿರುತ್ತದೆ, ಟೆಸ್ಟ್ ಕಿಟ್ ಮಾತ್ರ ಫಾಸ್ಫೇಟ್ ಸೊನ್ನೆ ಅನ್ನುತ್ತದೆ. ಕಲ್ಲು ಬಿಡುವ ಫಾಸ್ಫೇಟನ್ನು ಪಾಚಿ ಅಲ್ಲೇ ಹೀರಿಬಿಡುತ್ತದೆ, ನೀರಿನಲ್ಲಿ ಉಳಿಯುವುದೇ ಇಲ್ಲ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ಜಿಎಫ್ಓ ಹಾಕಿದರೆ ಹಿಡಿತಕ್ಕೆ ಬರುತ್ತದೆ, ಆದರೆ ಇಂಥ ಕಲ್ಲಿಗೆ ಮೂರು ವಾರಕ್ಕೇ ಅದರ ಶಕ್ತಿ ಮುಗಿದು ನನಗೆ ತಿಂಗಳಿಗೆ ಸಾವಿರದೈನೂರು ರೂಪಾಯಿ ನುಂಗುತ್ತಿತ್ತು. ಮೂರು ದಿನ ಕತ್ತಲೆ ಮಾಡಿದರೆ ಪಾಚಿ ಕೊಳೆಯುತ್ತದೆ, ಕೊಳೆತದ್ದು ಮತ್ತೆ ಗೊಬ್ಬರವಾಗಿ ಹೊಸ ಪಾಚಿ ಏಳುತ್ತದೆ. ಟರ್ಬೋ ಬಸವನಹುಳು ಗಿಡ್ಡ ಪಾಚಿ ಮೇಯುತ್ತದೆ, ಉದ್ದದ್ದಕ್ಕೆ ಬಾಯಿ ಹಾಕುವುದಿಲ್ಲ, ಏಪ್ರಿಲ್‌ನಲ್ಲಿ ನೀರು ತೀರಾ ಬಿಸಿಯಾದರೆ ಸಾಯುತ್ತವೆ. 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಕಲ್ಲಿಗೆ ಸೈ: ಹೊರಗೆ ತೆಗೆದು ಬ್ರಶ್‌ನಲ್ಲಿ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೆದರೆ ಕೆಲವೇ ದಿನದಲ್ಲಿ ಬಿಳಿಚಿಕೊಳ್ಳುತ್ತದೆ. ಇಡೀ ಟ್ಯಾಂಕಿಗೆ ಸುರಿಯಬೇಡಿ, ಸೀಗಡಿಗೆ ಅಪಾಯ.

ಸ್ಕ್ರಬ್ಬರ್‌ಗೆ ಕಸೂತಿಯವರು ಬಳಸುವ ಪ್ಲಾಸ್ಟಿಕ್ ಜಾಲರಿ, 15 ಸೆಂ.ಮೀ. ಚದರ. ಎರಡೂ ಬದಿ ಗರಗಸದ ಹಲ್ಲಿನಿಂದ ಚೆನ್ನಾಗಿ ಕೆರೆದು ಮುಳ್ಳುಮುಳ್ಳು ಮಾಡಿ. ನಯವಾಗಿ ಬಿಟ್ಟರೆ ಬೆಳೆದ ಪಾಚಿ ಬುಡಸಮೇತ ಜಾರಿ ಸಂಪ್‌ಗೆ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಬೀಳುತ್ತದೆ. ಮುಕ್ಕಾಲಿಂಚು ಪಿವಿಸಿ ಪೈಪಿಗೆ 3 ಮಿ.ಮೀ. ಸೀಳು ಕೊಯ್ದು ಜಾಲರಿ ತೂರಿಸಿ. ಪೈಪಿನಿಂದ ಜಾಲರಿಯ ಮೇಲೆ ನೀರು ಅಗಲದ ಪ್ರತಿ ಇಂಚಿಗೆ ಗಂಟೆಗೆ 130 ಲೀಟರ್ ಹರಿಯಬೇಕು, ಅಂದರೆ ಇಲ್ಲಿ 800. ಮೇಲೆತ್ತುವಾಗ ಕಳೆಯುವುದರಿಂದ 1,500ರ ಪಂಪ್ ತೆಗೆದುಕೊಳ್ಳಿ. ಎರಡೂ ಬದಿ ಹತ್ತು ವ್ಯಾಟಿನ ಕೆಂಪು 660 ನ್ಯಾನೋಮೀಟರ್ ಗ್ರೋ ಎಲ್‌ಇಡಿ. ಒಟ್ಟು ಮೂರು ಸಾವಿರದೊಳಗೆ ಮುಗಿಯಿತು.

ಸ್ಕ್ರಬ್ಬರ್ ಬೆಳಕು ದಿನಕ್ಕೆ ಮೊದಲು ಒಂಬತ್ತು ಗಂಟೆ, ಆಮೇಲೆ ಹದಿನಾಲ್ಕು. ಮೀನಿನ ಟ್ಯಾಂಕಿನ ಲೈಟ್ ಆರಿದ ಮೇಲೆ ಶುರುವಾಗುವಂತೆ ಟೈಮರ್ ಇಟ್ಟರೆ ರಾತ್ರಿ ಪಿಹೆಚ್ ಕುಸಿಯುವುದೂ ಕಡಿಮೆ. ಜಾಲರಿಯಲ್ಲಿ ಮೊದಲು ಕಂದು ಲೋಳೆ, ಮೂರ್ನಾಲ್ಕು ವಾರಕ್ಕೆ ಹಸಿರು.

ಜಾಲರಿಯ ಪಾಚಿಯನ್ನು ವಾರಕ್ಕೊಮ್ಮೆ ಕೆರೆದು ತೆಗೆಯಲೇಬೇಕು. ದಪ್ಪವಾದರೆ ಬುಡಕ್ಕೆ ಬೆಳಕು ಸಿಗದೆ ಸತ್ತು, ಹೀರಿದ್ದನ್ನೆಲ್ಲ ವಾಪಸ್ ನೀರಿಗೇ ಕಕ್ಕುತ್ತದೆ. ಕೆರೆದದ್ದನ್ನು ಒಣಗಿಸಿ ಪಾಚಿ ತಿನ್ನುವ ಟ್ಯಾಂಗ್ ಮೀನಿಗೆ ಕ್ಲಿಪ್‌ನಲ್ಲಿ ಸಿಕ್ಕಿಸಿ ನೋಡಿದೆ, ನೋರಿಗಿಂತ (ಒಣ ಕಡಲಪಾಚಿ ಹಾಳೆ) ಮೊದಲು ಅದೇ ಖಾಲಿ.

ಎರಡು ತಿಂಗಳ ಹೊತ್ತಿಗೆ ಕಲ್ಲಿನ ಪಾಚಿ ಬಣ್ಣಗೆಟ್ಟು, ಬೆರಳು ತಾಗಿದರೆ ಕಿತ್ತುಬರುವಂತಾಯಿತು. ಜಿಎಫ್ಓ ರಿಯಾಕ್ಟರ್ ಮಾರಿದೆ. ಈಗ ನೈಟ್ರೇಟ್ 5 ಪಿಪಿಎಂ, ಫಾಸ್ಫೇಟ್ 0.05ರ ಆಸುಪಾಸು. ಎರಡೂ ಸೊನ್ನೆಗೆ ಇಳಿಯಲು ಬಿಡಬೇಡಿ, ಡೈನೋಫ್ಲಾಜೆಲೇಟ್ ಅನ್ನುವ ಸೂಕ್ಷ್ಮಜೀವಿಯ ಕಂದು ಲೋಳೆ ನುಗ್ಗುತ್ತದೆ. ಇಳಿಯುವ ಸೂಚನೆ ಕಂಡ ಕೂಡಲೇ ಸ್ಕ್ರಬ್ಬರ್ ಬೆಳಕನ್ನು ಎರಡು ಗಂಟೆ ಕಡಿಮೆ ಮಾಡಿ.