ದನಗಳು ಕಾಲು ಬಡಿಯುವುದು ನಿಂತಿತು

"ಕೊಳೆತ ಹುಲ್ಲು ಕೆರೆದು ತೆಗೆದರೆ ದನ ಕಡಿಯುವ ನೊಣ ಹೋಗ್ತದಾ ಮಾರಾಯ್ರೆ?" ಎಂದು ಡೇರಿಯಲ್ಲಿ ನಕ್ಕವರೇ ಈಗ ನಮ್ಮ ದನದ ಹಟ್ಟಿ ನೋಡಲು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರ. ಹತ್ತು ಹನ್ನೆರಡು ದನ, ಎಲ್ಲ ಎಚ್‌ಎಫ್, ಜರ್ಸಿ ಎಂಬ ವಿದೇಶಿ ತಳಿಗಳ ಕ್ರಾಸ್. ಜಡಿಮಳೆಯಲ್ಲಿ ಕಡಿಯುವ ನೊಣ ಅಷ್ಟಾಗಿ ಕಾಣುವುದಿಲ್ಲ. ಚೌತಿ ಕಳೆದು ಮಳೆ-ಬಿಸಿಲು ಶುರುವಾಯಿತೋ, ದೀಪಾವಳಿವರೆಗೆ ದನಗಳಿಗೆ ಕಾಲು ಬಡಿಯುವುದೇ ಕೆಲಸ. ದಿನಕ್ಕೆ ಎಂಟು ಹತ್ತು ಲೀಟರ್ ಹಾಲು ಕಡಿಮೆಯಾಗುತ್ತಿತ್ತು.

ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕ ಹೊಡೆದೆ. ಎರಡು ದಿನ ಆರಾಮ, ಆಮೇಲೆ ಅದೇ ಕಥೆ. ಈ ನೊಣ ದನದ ಮೇಲೆ ಕೂರುವುದೇ ಕೆಲವು ನಿಮಿಷ, ಅದೂ ಹೆಚ್ಚಾಗಿ ಕಾಲಿಗೆ. ಒದ್ದೆ ನೆಲದಲ್ಲಿ ಮದ್ದು ಮೊದಲು ತೊಳೆದು ಹೋಗುವುದೂ ಕಾಲಿನಿಂದಲೇ. ಲಕ್ಕಿ ಸೊಪ್ಪಿನ ಹೊಗೆ ಹಾಕಿದರೆ ನೊಣಕ್ಕಿಂತ ಹಾಲು ಕರೆಯುವವರಿಗೇ ಕೆಮ್ಮು ಜಾಸ್ತಿ. ಫ್ಯಾನು, ಮದ್ದು ಅಂತ ಏಳೆಂಟು ಸಾವಿರ ಸುಮ್ನೆ ಹೋಯಿತು.

ಎಲ್ಲರಿಗೂ ಸಗಣಿ ಮೇಲೆ ಅನುಮಾನ. ನಾನು ಮೇವಿನ ತೊಟ್ಟಿಯ ಬುಡ ನೋಡಿದೆ. ಬಿದ್ದ ಬೈಹುಲ್ಲು, ಹಿಂಡಿ, ಗಂಜಳ ಸೇರಿ ಕೊಳೆತ ಪದರ. ಎಬ್ಬಿಸಿದರೆ ಬಿಸಿ, ಹುಳಿ ವಾಸನೆ, ಅಡಿಯಲ್ಲಿ ಬಿಳಿ ಹುಳ. ಸ್ವಲ್ಪ ಒಣಗಿದ ಅಂಚಿನಲ್ಲಿ ಕುಚ್ಚಲಕ್ಕಿ ಕಾಳಿನಷ್ಟು ದೊಡ್ಡ ಕೆಂಗಂದು ಕೋಶಗಳು, ಹುಳ ನೊಣವಾಗುವ ಮೊದಲಿನ ಗೂಡು. ಒಂದಿಷ್ಟು ಬಾಟಲಿಗೆ ಹಾಕಿ ಬಟ್ಟೆ ಕಟ್ಟಿಟ್ಟೆ. ಹೊರಬಂದ ನೊಣಕ್ಕೆ ಮುಂದೆ ಚಾಚಿದ ಸೂಜಿ ಮೂತಿ. ದನ ಕಡಿಯುವವು ಅವೇ! ಕೆಲವು ಕೋಶದಿಂದ ನೊಣದ ಬದಲು ಸಣ್ಣ ಕಪ್ಪು ಕಣಜ ಬಂತು. ನೊಣದ ಕೋಶ ತಿಂದೇ ಬೆಳೆಯುವ ಜಾತಿ ಅದು. ಮದ್ದು ಹೊಡೆದರೆ ಅದೂ ಸಾಯುತ್ತದೆ, ಅಲ್ವಾ?

ನಮ್ಮ ಸೆಕೆಗೆ ಮೊಟ್ಟೆ ನೊಣವಾಗಲು ಎರಡು ಮೂರು ವಾರ ಸಾಕು. ಹಾಗಾಗಿ ವಾರಕ್ಕೊಮ್ಮೆ ಆ ಪದರ ಪೂರ್ತಿ ಕೆರೆದು ತೆಗೆಯುತ್ತೇನೆ. ನೊಣ ಕಂಡ ಮೇಲಲ್ಲ, ಆಟಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮುಗಿಯುವ ಮೊದಲೇ ಶುರು. ಹಟ್ಟಿಗೆ ಸೊಪ್ಪು ಹಾಸುವುದನ್ನೂ ಬಿಟ್ಟೆ. "ಸೊಪ್ಪಿಲ್ಲದೆ ಗೊಬ್ಬರ ಎಲ್ಲಿಂದ?" ಎಂದು ಅಪ್ಪನ ತಕರಾರು. ಸೊಪ್ಪು ಈಗ ಸೀದಾ ಗೊಬ್ಬರದ ರಾಶಿಗೆ, ದನದಡಿಗೆ ರಬ್ಬರ್ ಮ್ಯಾಟ್. ಒಂದೊಂದು ಮ್ಯಾಟಿಗೇ ಎರಡು ಸಾವಿರದ ಮೇಲೆ ಬಿತ್ತು, ಅದೇ ದೊಡ್ಡ ಖರ್ಚು. ರಾಶಿಗೆ ಟಾರ್ಪಾಲು. ನಡುವಿನ ಬಿಸಿಗೆ ಹುಳ ಬದುಕುವುದಿಲ್ಲ, ಅಂಚಿನಲ್ಲಿ ಬದುಕುತ್ತದೆ. ಅಂಚನ್ನು ಒಳಕ್ಕೆ ಮಗುಚುತ್ತಿರಬೇಕು.

ನಡುವೆ ಬಟ್ಟೆಗೆ ಅಂಟು ಬಳಿದು ನೇತು ಹಾಕಿಯೂ ನೋಡಿದೆ. ಬಿಳಿಗಿಂತ ನೀಲಿಗೆ ಬಿದ್ದದ್ದು ಜಾಸ್ತಿ, ಅದೂ ಮಂಡಿ ಎತ್ತರದಲ್ಲಿ ಕಟ್ಟಿದಾಗ. ಅಂಟು ಯಾವುದೆಂದು ಇಲ್ಲಿ ಹೇಳುವುದಿಲ್ಲ, ಹಟ್ಟಿಗೆ ಬಂದವರಿಗೆ ತೋರಿಸುತ್ತೇನೆ.

ಕಳೆದ ದೀಪಾವಳಿಗೆ ಹಾಲು ಕಡಿಮೆಯಾದದ್ದು ದಿನಕ್ಕೆ ಒಂದೆರಡು ಲೀಟರ್ ಇರಬಹುದು, ಅಷ್ಟೇ. ಉಳಿದ ನೊಣ ಪಕ್ಕದ ಮನೆಯ ರಾಶಿಯದ್ದೆಂದು ನನ್ನ ಲೆಕ್ಕ. ಇವು ಮೈಲುಗಟ್ಟಲೆ ಹಾರುತ್ತವೆ. ಅವರಿಗೆ ಹೇಳಿ ಸಾಕಾಯಿತು. ಈ ವರ್ಷ ಅವರ ರಾಶಿಗೂ ನನ್ನ ಖರ್ಚಿನಲ್ಲೇ ಟಾರ್ಪಾಲು ಹೊದಿಸುತ್ತೇನೆ.